ಬಾರ್ಕಿಂಗ್‌ನ ನಾಲ್ಕು ಸಾವುಗಳು: ‘ಫೋರ್ ಲೈವ್ಸ್’ ಹಿಂದಿರುವ, ಯಾರೂ ಮಾಡದೇ ಬಿಟ್ಟ ತನಿಖೆ

2014ರ ಸೆಪ್ಟೆಂಬರ್ 20ರಂದು ಪೂರ್ವ ಲಂಡನ್ನಿನ ಬಾರ್ಕಿಂಗ್‌ನಲ್ಲಿ, ಸೇಂಟ್ ಮಾರ್ಗರೆಟ್ಸ್ ಚರ್ಚಿನ ಸ್ಮಶಾನದಲ್ಲಿ, 21 ವರ್ಷದ ಡೇನಿಯಲ್ ವಿಟ್‌ವರ್ತ್‌ನ ಶವ ಸಿಕ್ಕಿತು. ಕೈಯಲ್ಲೊಂದು ಚೀಟಿ. ಮೂರು ವಾರದ ಹಿಂದೆ ಇದೇ ಸ್ಮಶಾನದಲ್ಲಿ ಸತ್ತು ಬಿದ್ದಿದ್ದ ಗೆಳೆಯನಿಗೆ ಮಾದಕದ್ರವ್ಯ ಹೆಚ್ಚು ಕೊಟ್ಟವನು ತಾನೇ, ಆ ಪಾಪ ಹೊತ್ತು ಬದುಕಲಾರೆ ಎಂಬುದು ಅದರ ಸಾರಾಂಶ. ನಿನ್ನೆ ರಾತ್ರಿ ನನ್ನ ಜೊತೆಗಿದ್ದವನನ್ನು ದೂರಬೇಡಿ ಎಂಬ ಮಾತೂ ಅದರಲ್ಲಿತ್ತು. ಪೊಲೀಸರು ಚೀಟಿ ಹೇಳಿದಂತೆಯೇ ನಡೆದುಕೊಂಡರು. ಆ ‘ಜೊತೆಗಿದ್ದವ’ನನ್ನು ದೂರಲಿಲ್ಲ, ಯಾರೆಂದು ಹುಡುಕಲೂ ಇಲ್ಲ. ಚೀಟಿ ಬರೆದವನೇ ಅವನು: ಸ್ಟೀಫನ್ ಪೋರ್ಟ್, ಬಸ್ ಡಿಪೋದ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವನು. ಸ್ಮಶಾನದಿಂದ ಕೆಲವೇ ನೂರು ಮೀಟರ್ ದೂರದ ಕುಕ್ ಸ್ಟ್ರೀಟ್‌ನ ಫ್ಲ್ಯಾಟಿನಲ್ಲಿ ವಾಸ. ಆ ಹೊತ್ತಿಗಾಗಲೇ ಅದೇ ಠಾಣೆಯವರು ಅವನನ್ನು ಬೇರೊಂದು ಸಾವಿನ ವಿಷಯದಲ್ಲಿ ಬಂಧಿಸಿ, ಅವನ ಲ್ಯಾಪ್‌ಟಾಪ್ ವಶಪಡಿಸಿಕೊಂಡು ಮೂರು ತಿಂಗಳಾಗುತ್ತ ಬಂದಿತ್ತು.

ಬಿಬಿಸಿ ಒನ್‌ನಲ್ಲಿ 2022ರ ಜನವರಿ 3, 4, 5ರಂದು ಸತತ ಮೂರು ರಾತ್ರಿ ಪ್ರಸಾರವಾದ ‘ಫೋರ್ ಲೈವ್ಸ್’ ಈ ಪ್ರಕರಣದ ಕಥೆ. ಬರವಣಿಗೆ ನೀಲ್ ಮೆಕೇ, ನಿರ್ದೇಶನ ಡೇವಿಡ್ ಬ್ಲೇರ್. ಮೊದಲಿಗೆ ಇಟ್ಟಿದ್ದ ಹೆಸರು ‘ದ ಬಾರ್ಕಿಂಗ್ ಮರ್ಡರ್ಸ್’. ಚಿತ್ರೀಕರಣ ಮುಗಿದ ಮೇಲೂ ಅದು ಬಹಳ ಕಾಲ ಪ್ರಸಾರವಾಗದೆ ಉಳಿಯಿತು. ನಾಲ್ಕು ಸಾವುಗಳ ಬಗ್ಗೆ ಹೊಸದಾಗಿ ಇನ್‌ಕ್ವೆಸ್ಟ್ (ಸಾವಿನ ಕಾರಣ ಕುರಿತ ಅಧಿಕೃತ ವಿಚಾರಣೆ) ನಡೆಯಬೇಕಿತ್ತು, ಅದರ ಜ್ಯೂರಿಯ ಮನಸ್ಸು ಟಿವಿ ನೋಡಿ ವಾಲಬಾರದಿತ್ತು. ಜ್ಯೂರಿ ತೀರ್ಮಾನ ಕೊಟ್ಟದ್ದು 2021ರ ಡಿಸೆಂಬರ್ 10ರಂದು. ಆಮೇಲೆ ನಾಲ್ಕು ವಾರದೊಳಗೆ ಧಾರಾವಾಹಿ ಬಂತು.

ಸರಣಿ ಕೊಲೆಯ ಕಥೆ ಅಂದಕೂಡಲೇ ನೋಡುಗರು ಚಾಲಾಕಿ ಕೊಲೆಗಾರನನ್ನೂ ಅವನಿಗಿಂತ ಒಂದು ಕೈ ಮೇಲಾದ ಪತ್ತೇದಾರನನ್ನೂ ನಿರೀಕ್ಷಿಸುತ್ತಾರೆ. ಇಲ್ಲಿ ಇಬ್ಬರೂ ಇಲ್ಲ. ಪೋರ್ಟ್ ತನ್ನದೇ ಫೋನಿನಿಂದ ಆಂಬುಲೆನ್ಸಿಗೆ ಕರೆ ಮಾಡಿದ, ತನ್ನದೇ ಹಾಸಿಗೆ ಬಟ್ಟೆಯ ಮೇಲೆ ಶವ ಮಲಗಿಸಿದ, ತನ್ನದೇ ಕೈಬರಹದಲ್ಲಿ ಚೀಟಿ ಬರೆದ, ನಾಲ್ಕೂ ಶವಗಳನ್ನು ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಬಿಟ್ಟ. ಇಷ್ಟು ಒರಟಾಗಿ ಕೊಂದವನು ಸುಮಾರು ಹದಿನಾರು ತಿಂಗಳು ಹೇಗೆ ಸಿಕ್ಕಿಬೀಳಲಿಲ್ಲ ಎಂಬುದೇ ಈ ಪ್ರಕರಣದ ಪ್ರಶ್ನೆ. ಉತ್ತರ ಬೇಕಿದ್ದರೆ ಮಾಡದೇ ಬಿಟ್ಟ ಚಿಕ್ಕ ಚಿಕ್ಕ ಕೆಲಸಗಳ ಪಟ್ಟಿ ನೋಡಬೇಕು.

ಮೊದಲ ಸಾವು

ಆಂಟನಿ ವಾಲ್ಗೇಟ್, 23 ವರ್ಷ, ಹಲ್ ಊರಿನವನು, ಲಂಡನ್ನಿನಲ್ಲಿ ಫ್ಯಾಷನ್ ಓದುತ್ತಿದ್ದ. ಖರ್ಚಿಗಾಗಿ ಆಗೊಮ್ಮೆ ಈಗೊಮ್ಮೆ ಎಸ್ಕಾರ್ಟ್ ಕೆಲಸ ಮಾಡುತ್ತಿದ್ದ. 2014ರ ಜೂನ್‌ನಲ್ಲಿ ‘ಜೋ ಡೀನ್’ ಎಂಬ ಹೆಸರಿನ ಗಿರಾಕಿ 800 ಪೌಂಡ್ ಕೊಡುವುದಾಗಿ ಕರೆದ. ಹೋಗುವ ಮುಂಚೆ ಆಂಟನಿ ಆ ಹೆಸರನ್ನೂ ವಿವರವನ್ನೂ ಗೆಳೆಯರಿಗೆ ಕಳಿಸಿಟ್ಟಿದ್ದ. ಈ ಕೆಲಸದಲ್ಲಿರುವವರು ಪಾಲಿಸುವ ಮುನ್ನೆಚ್ಚರಿಕೆ ಅದು.

ಜೂನ್ 19ರ ನಸುಕಿನಲ್ಲಿ ಪೋರ್ಟ್ ತುರ್ತು ಸೇವೆಗೆ ಕರೆ ಮಾಡಿ, ತನ್ನ ಹೆಸರು ಹೇಳದೆ, ಬೀದಿಯಲ್ಲೊಬ್ಬ ಹುಡುಗ ಬಿದ್ದಿದ್ದಾನೆ ಎಂದ. ಆಂಟನಿಯ ಶವ ಪೋರ್ಟ್ ವಾಸವಿದ್ದ ಕಟ್ಟಡದ ಬಾಗಿಲ ಹೊರಗೇ ಇತ್ತು. ಒಳಉಡುಪು ಒಳಮೈ ಹೊರಗಾಗಿ, ಹಿಂದುಮುಂದಾಗಿ ತೊಡಿಸಿದಂತಿತ್ತು. ಮೊಬೈಲ್ ಇರಲಿಲ್ಲ. ಕರೆಯ ನಂಬರಿನಿಂದ ಪೊಲೀಸರು ಪೋರ್ಟ್‌ನನ್ನು ಹಿಡಿದರು. ಅವನು ಮೊದಲು ಒಂದು ಕಥೆ ಹೇಳಿದ, ಆಮೇಲೆ ಇನ್ನೊಂದು. ಆಂಟನಿ ತನ್ನ ಮನೆಗೆ ಬಂದಿದ್ದು ನಿಜ, ಮಾದಕದ್ರವ್ಯ ತಾನೇ ತಗೊಂಡ, ಗಾಬರಿಯಾಗಿ ಹೊರಗೆ ಸಾಗಿಸಿದೆ ಎಂದ. ‘ಜೋ ಡೀನ್’ ಅವನೇ ಎಂಬುದೂ ಬಯಲಾಯಿತು.

ತನಿಖೆ ಇಲ್ಲಿಂದ ಎರಡು ಕಡೆಗೆ ತಿರುಗಬಹುದಿತ್ತು. ಸುಳ್ಳು ಹೆಸರಿನಲ್ಲಿ ಕರೆಸಿಕೊಂಡವನು, ಶವ ಸಾಗಿಸಿದವನು, ಪೊಲೀಸರಿಗೆ ಎರಡು ಬಾರಿ ಸುಳ್ಳು ಹೇಳಿದವನು ಕೊಲೆಯ ಶಂಕಿತ ಎಂಬುದು ಒಂದು ದಾರಿ. ಸ್ಥಳೀಯ ಅಧಿಕಾರಿಗಳು ಪರಿಣತ ಕೊಲೆ ತನಿಖಾ ತಂಡದ ಮೊರೆ ಹೋದರು. ಆ ತಂಡ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ತನಿಖೆ ಹಿಡಿದದ್ದು ಇನ್ನೊಂದು ದಾರಿ: ಸಾವು ‘ಅನುಮಾನಾಸ್ಪದ’ ಎಂಬ ಬದಲು ‘ಕಾರಣ ತಿಳಿಯದ ಸಾವು’ ಎಂಬ ಕಂತೆಗೆ ಸೇರಿತು. ನಮ್ಮ ಠಾಣೆಗಳಲ್ಲಿ ಯುಡಿಆರ್ (ಅಸ್ವಾಭಾವಿಕ ಸಾವಿನ ವರದಿ) ಎಂದು ಬರೆದು ಪಕ್ಕಕ್ಕಿಡುವುದಕ್ಕೆ ಇದು ತೀರ ಹತ್ತಿರ. ಆ ಕಂತೆಗೆ ಬಿದ್ದ ಮೇಲೆ ಸಿಬ್ಬಂದಿ, ಹಣ, ಲ್ಯಾಬಿನ ಸರದಿ ಎಲ್ಲವೂ ಕೆಳಕ್ಕಿಳಿಯುತ್ತವೆ.

ಪೋರ್ಟ್ ಮೇಲೆ ಹೊರಿಸಿದ್ದು ನ್ಯಾಯದ ದಾರಿ ತಪ್ಪಿಸಿದ ಆರೋಪ ಮಾತ್ರ. 2015ರ ಮಾರ್ಚ್‌ನಲ್ಲಿ ಎಂಟು ತಿಂಗಳ ಶಿಕ್ಷೆಯಾಯಿತು, ಜೂನ್ ಹೊತ್ತಿಗೆ ಎಲೆಕ್ಟ್ರಾನಿಕ್ ಟ್ಯಾಗ್ ಹಾಕಿಸಿಕೊಂಡು ಹೊರಬಂದ. ಆ ಶಿಕ್ಷೆಯ ಮೊದಲೇ ಇನ್ನಿಬ್ಬರು ಸತ್ತಿದ್ದರು.

ಇನ್ನು ಲ್ಯಾಪ್‌ಟಾಪ್. ಅದನ್ನು ಸಕಾಲಕ್ಕೆ ಪರೀಕ್ಷೆಗೆ ಕೊಡಲಿಲ್ಲ, ಒಳಗಿನ ಮಾಹಿತಿಯನ್ನು ಯಾರೂ ಕೂತು ನೋಡಲಿಲ್ಲ. ಮಾದಕದ್ರವ್ಯ ಕೊಟ್ಟು ಪ್ರಜ್ಞೆ ತಪ್ಪಿದ ಹುಡುಗರ ಮೇಲೆ ಅತ್ಯಾಚಾರ ಮಾಡುವ ವಿಡಿಯೊಗಳಿಗಾಗಿ ನಡೆಸಿದ ಹುಡುಕಾಟ ಅದರಲ್ಲಿತ್ತು. ಒಬ್ಬ ಅಧಿಕಾರಿಗೆ ಒಂದು ಮಧ್ಯಾಹ್ನದ ಕೆಲಸ. ಇನ್ನೊಂದು ಕೆಲಸಕ್ಕೆ ಕೆಲವೇ ನಿಮಿಷ ಸಾಕಿತ್ತು. ಆಂಟನಿ ಸಾಯುವ ಎರಡು ವಾರ ಮೊದಲು ಬಾರ್ಕಿಂಗ್ ರೈಲು ನಿಲ್ದಾಣದಲ್ಲಿ, ನಿಲ್ಲಲಾಗದ ಸ್ಥಿತಿಯಲ್ಲಿದ್ದ ಯುವಕನೊಬ್ಬನ ಜೊತೆಗಿದ್ದ ಪೋರ್ಟ್‌ನನ್ನು ರೈಲ್ವೆ ಪೊಲೀಸರು ಮಾತಾಡಿಸಿದ್ದರು. ಅದು ದಾಖಲೆಯಲ್ಲಿತ್ತು. ಅದನ್ನೂ ಇದನ್ನೂ ಜೋಡಿಸಲಿಲ್ಲ.

ಚರ್ಚಿನ ಗೋಡೆಯ ಆಚೆ ಈಚೆ

ಆಗಸ್ಟ್ 28ರಂದು, ನಾಯಿ ಜೊತೆ ವಾಯುವಿಹಾರಕ್ಕೆ ಬಂದ ಮಹಿಳೆಯೊಬ್ಬರಿಗೆ ಸ್ಮಶಾನದಲ್ಲಿ ಗೇಬ್ರಿಯಲ್ ಕೊವಾರಿಯ ಶವ ಕಾಣಿಸಿತು. 22 ವರ್ಷ, ಸ್ಲೊವಾಕಿಯಾದಿಂದ ಬಂದವನು, ಉಳಿಯಲು ಕೋಣೆ ಬೇಕೆಂದು ಕೆಲವು ದಿನಗಳ ಹಿಂದಷ್ಟೇ ಪೋರ್ಟ್ ಮನೆ ಸೇರಿದ್ದ. ಮೂರು ವಾರದ ನಂತರ ಡೇನಿಯಲ್‌ನ ಶವ ಕಂಡದ್ದೂ ಅದೇ ಮಹಿಳೆಗೆ, ಅದೇ ಜಾಗದಲ್ಲಿ. ಅಂಥ ಕಾಕತಾಳೀಯವನ್ನು ಚಿತ್ರಕಥೆಗಾರ ಸ್ವಂತವಾಗಿ ಬರೆದಿದ್ದರೆ ನಂಬಲಾಗದು ಎಂದು ನಿರ್ಮಾಪಕರು ಹೊಡೆದುಹಾಕುತ್ತಿದ್ದರು.

ಡೇನಿಯಲ್ ಶವದ ಸುತ್ತ ಸಾಕ್ಷ್ಯ ಎಷ್ಟಿತ್ತು ನೋಡಿ. ಮಲಗಿಸಿದ್ದ ನೀಲಿ ಬೆಡ್‌ಶೀಟ್: ಡಿಎನ್‌ಎ ಪರೀಕ್ಷೆಗೆ ಕಳಿಸಲಿಲ್ಲ. ಕೊನೆಗೆ ಕಳಿಸಿದಾಗ ಪೋರ್ಟ್‌ನ ಡಿಎನ್‌ಎ ಸಿಕ್ಕಿತು. ಚೀಟಿ: ಕೈಬರಹ ತಜ್ಞರು ಡೇನಿಯಲ್‌ನ ಬರಹದೊಡನೆ ಹೋಲಿಸಿ ನೋಡುವ ಮೊದಲೇ ಅದು ಅವನದೇ ಎಂದು ಒಪ್ಪಿಕೊಂಡಾಗಿತ್ತು. ಮುಂದೆ ತಜ್ಞರು ನೋಡಿದಾಗ ಅದು ಪೋರ್ಟ್ ಬರಹ. ಮರಣೋತ್ತರ ಪರೀಕ್ಷೆಯಲ್ಲಿ ಕಂಕುಳ ಕೆಳಗೆ ಕಂದು ಗುರುತುಗಳು: ಎತ್ತಿ ಸಾಗಿಸಿದಾಗ ಆಗುವಂಥವು. ಆತ್ಮಹತ್ಯೆ ಮಾಡಿಕೊಂಡವನನ್ನು ಕಂಕುಳಲ್ಲಿ ಹಿಡಿದು ಎತ್ತಿದ್ದು ಯಾರು? ಮತ್ತೆ ಮೊಬೈಲ್ ಇಲ್ಲ. ಆಂಟನಿ, ಗೇಬ್ರಿಯಲ್ ಶವಗಳ ಬಳಿಯೂ ಇರಲಿಲ್ಲ, ಮುಂದೆ ಸತ್ತ ನಾಲ್ಕನೆಯವನಾದ ಜಾಕ್ ಬಳಿಯೂ ಇರಲಿಲ್ಲ. ಮೂರು ತಿಂಗಳಲ್ಲಿ ಮೂವರು ಯುವಕರು, ಮೂವರೂ ಇಪ್ಪತ್ತರ ಆಸುಪಾಸು, ಮೂವರೂ ಸಲಿಂಗಿಗಳು, ಒಂದೇ ಮಾದಕದ್ರವ್ಯ, ಒಂದೇ ಬಡಾವಣೆ, ಫೋನ್ ನಾಪತ್ತೆ.

ಈ ಸಾಲನ್ನು ಠಾಣೆಯ ಹೊರಗಿದ್ದವರು ಜೋಡಿಸಿದ್ದರು. ಗೇಬ್ರಿಯಲ್ ಮೊದಲು ಉಳಿದುಕೊಂಡಿದ್ದ ಮನೆಯ ಗೆಳೆಯ ಅಂತರ್ಜಾಲದಲ್ಲಿ ಹುಡುಕಿ ಹೋಲಿಕೆ ಕಂಡು ಪೊಲೀಸರನ್ನು ಸಂಪರ್ಕಿಸಿದ. ಸಲಿಂಗಿ ಸಮುದಾಯದ ಪತ್ರಿಕೆಯವರು ಈ ಸಾವುಗಳಿಗೆ ಸಂಬಂಧವಿದೆಯೇ ಎಂದು ಕೇಳಿದರು. ಇಲ್ಲ ಎಂಬ ಉತ್ತರ ಬಂತು. 2015ರ ಜೂನ್‌ನಲ್ಲಿ ಗೇಬ್ರಿಯಲ್ ಮತ್ತು ಡೇನಿಯಲ್ ಸಾವುಗಳ ಮೊದಲ ಇನ್‌ಕ್ವೆಸ್ಟ್ ನಡೆಸಿದ ಕರೋನರ್‌ಗೂ (ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ಸಮಾಧಾನವಿರಲಿಲ್ಲ. ಬೆಡ್‌ಶೀಟ್ ಪರೀಕ್ಷೆಯಾಗದ್ದನ್ನು ಎತ್ತಿ ಹೇಳಿ, ಆತ್ಮಹತ್ಯೆ ಎನ್ನಲು ನಿರಾಕರಿಸಿ, ಸಾವು ಹೇಗಾಯಿತೆಂದು ನಿರ್ಧರಿಸದೆ ತೀರ್ಪನ್ನು ತೆರೆದಿಟ್ಟರು. ಸಾಮಾನ್ಯ ತನಿಖಾಧಿಕಾರಿಗೆ ಅದಕ್ಕಿಂತ ಸ್ಪಷ್ಟ ಸೂಚನೆ ಬೇಕಿರಲಿಲ್ಲ. ಆದರೂ ಏನೂ ಆಗಲಿಲ್ಲ.

ಮೂರು ತಿಂಗಳ ಬಳಿಕ, 2015ರ ಸೆಪ್ಟೆಂಬರ್ 14ರಂದು, ಸ್ಮಶಾನದ ಗೋಡೆಯಾಚೆ 25 ವರ್ಷದ ಜಾಕ್ ಟೇಲರ್ ಶವ ಸಿಕ್ಕಿತು. ಡ್ಯಾಗನ್‌ಹ್ಯಾಮ್‌ನ ಫೋರ್ಕ್‌ಲಿಫ್ಟ್ ಚಾಲಕ. ಜೇಬಿನಲ್ಲಿ ಸಿರಿಂಜ್, ಮಾದಕದ್ರವ್ಯದ ಬಾಟಲಿ. ಅವನೇ ತಗೊಂಡು ಸತ್ತಿದ್ದಾನೆ ಎಂದು ಪೊಲೀಸರು ಹೇಳಿದರು. ಜಾಕ್‌ಗೆ ಡ್ರಗ್ಸ್ ಕಂಡರೆ ಆಗುತ್ತಿರಲಿಲ್ಲ ಎಂದು ಅಕ್ಕಂದಿರಾದ ಡೊನ್ನಾ ಮತ್ತು ಜೆನ್ನಿ ಟೇಲರ್ ಹಟ ಹಿಡಿದರು. ಮೊದಲಿನ ಸಾವುಗಳ ಸುದ್ದಿಯನ್ನು ಅವರೇ ಹುಡುಕಿ ತೆಗೆದರು. ನಿಲ್ದಾಣದ ಸಿಸಿಟಿವಿಯಲ್ಲಿ ಜಾಕ್ ಜೊತೆ ನಡೆಯುತ್ತಿದ್ದ ಎತ್ತರದ ಆಳು ಯಾರೆಂದು ಪದೇಪದೇ ಕೇಳಿದರು. ಆ ಚಿತ್ರ ಹೊರಬಿದ್ದಾಗ ಪೊಲೀಸರಲ್ಲೇ ಒಬ್ಬರು ಪೋರ್ಟ್‌ನನ್ನು ಗುರುತು ಹಿಡಿದರು. ಅಕ್ಟೋಬರ್ 15ರಂದು ಬಂಧನ. 2016ರ ನವೆಂಬರ್‌ನಲ್ಲಿ ಓಲ್ಡ್ ಬೇಲಿ ನ್ಯಾಯಾಲಯ ನಾಲ್ಕು ಕೊಲೆಗಳಿಗೂ, ಬದುಕುಳಿದ ಹಲವರ ಮೇಲಿನ ಅತ್ಯಾಚಾರ, ಲೈಂಗಿಕ ದೌರ್ಜನ್ಯ, ಮಾದಕದ್ರವ್ಯ ಉಣಿಸಿದ ಅಪರಾಧಗಳಿಗೂ ಅವನನ್ನು ತಪ್ಪಿತಸ್ಥ ಎಂದಿತು. ಸಾಯುವವರೆಗೆ ಬಿಡುಗಡೆಯಿಲ್ಲದ ಜೀವಾವಧಿ.

ಜಿಎಚ್‌ಬಿ ಎಂಬ ತೊಡಕು

ಪೊಲೀಸರ ಪರವಾಗಿ ಹೇಳಬೇಕಾದ ಒಂದು ನಿಜವಾದ ಮಾತು ಇದೆ. ಪೋರ್ಟ್ ಬಳಸಿದ ಜಿಎಚ್‌ಬಿ ಬಣ್ಣವಿಲ್ಲದ ದ್ರವ, ತುಸು ಉಪ್ಪು ರುಚಿ, ಪಾನೀಯದಲ್ಲಿ ಬೆರೆತರೆ ಗೊತ್ತಾಗುವುದಿಲ್ಲ. ಅಮಲಿಗೂ ಸಾವಿಗೂ ನಡುವಿನ ಅಂತರ ಬಹಳ ಕಿರಿದು, ಮದ್ಯದ ಜೊತೆ ಸೇರಿದರೆ ಇನ್ನೂ ಕಿರಿದು. ಬದುಕಿರುವವರ ರಕ್ತದಿಂದ ಕೆಲವೇ ಗಂಟೆಗಳಲ್ಲಿ, ಮೂತ್ರದಿಂದ ಸುಮಾರು ಅರ್ಧ ದಿನದಲ್ಲಿ ಮಾಯವಾಗುತ್ತದೆ. ಅಂದರೆ ಎಚ್ಚರವಾದ ಸಂತ್ರಸ್ತ ಮರುದಿನ ಆಸ್ಪತ್ರೆಗೆ ಹೋದರೆ ಪುರಾವೆ ಉಳಿದಿರುವುದಿಲ್ಲ. ಸತ್ತವರ ದೇಹದಲ್ಲಿ ಅದು ತಾನಾಗಿಯೂ ಸ್ವಲ್ಪ ಪ್ರಮಾಣದಲ್ಲಿ ಉತ್ಪತ್ತಿಯಾಗುವುದರಿಂದ ಲ್ಯಾಬ್ ಅಂಕಿಯನ್ನು ಓದುವುದೂ ಸುಲಭವಲ್ಲ. ಲಂಡನ್ನಿನ ಕೆಲವು ಸಲಿಂಗಿ ಪಾರ್ಟಿಗಳಲ್ಲಿ ಅದನ್ನು ಸ್ವಇಚ್ಛೆಯಿಂದ ಬಳಸುವವರಿದ್ದರು, ಆಕಸ್ಮಿಕ ಸಾವುಗಳೂ ಆಗುತ್ತಿದ್ದವು.

ಅಷ್ಟೆಲ್ಲ ನಿಜವಿದ್ದರೂ ದೇಹದಲ್ಲಿ ಜಿಎಚ್‌ಬಿ ಇತ್ತು ಎಂಬುದರಿಂದ ‘ಯಾರು ಕೊಟ್ಟರು’ ಎಂಬುದು ತಿಳಿಯುವುದಿಲ್ಲ. ತನಿಖೆ ಶುರುವಾಗಬೇಕಾದದ್ದು ಅಲ್ಲಿಂದ. ಬಾರ್ಕಿಂಗ್‌ನಲ್ಲಿ ಮುಗಿದದ್ದು ಅಲ್ಲಿಗೆ. ಪೋರ್ಟ್ ಬಂಧನದ ನಂತರ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ 2011ರಿಂದ 2015ರ ನಡುವಿನ, ಜಿಎಚ್‌ಬಿ ಸಂಬಂಧದ 58 ಸಾವುಗಳ ಕಡತಗಳನ್ನು ಮತ್ತೆ ತೆರೆಯಬೇಕಾಯಿತು. ಪೋರ್ಟ್‌ಗೆ ಈ ದ್ರವ ಮಾರಿದ್ದ ಜೆರಾಲ್ಡ್ ಮಟೊವು 2018ರಲ್ಲಿ ಡೇಟಿಂಗ್ ಆ್ಯಪ್ ಮೂಲಕ ಪರಿಚಯವಾದ ವ್ಯಕ್ತಿಯೊಬ್ಬರನ್ನು ಅದೇ ಜಿಎಚ್‌ಬಿಯಿಂದ ಕೊಂದು, ಮರುವರ್ಷ ಶಿಕ್ಷೆಗೊಳಗಾದ. ಬ್ರಿಟನ್ 2022ರಲ್ಲಿ ಜಿಎಚ್‌ಬಿಯನ್ನು ಸಿ ವರ್ಗದಿಂದ ಬಿ ವರ್ಗಕ್ಕೆ ಏರಿಸಿತು.

ಧಾರಾವಾಹಿ ಮಾಡಿದ ಆಯ್ಕೆಗಳು

‘ಫೋರ್ ಲೈವ್ಸ್’ ಕೊಲೆಯನ್ನು ತೋರಿಸುವುದಿಲ್ಲ. ಹಾಸ್ಯನಟನೆಂದೇ ಹೆಸರಾದ ಸ್ಟೀಫನ್ ಮರ್ಚೆಂಟ್ ಪೋರ್ಟ್ ಪಾತ್ರದಲ್ಲಿದ್ದಾರೆ. ಆರೂವರೆ ಅಡಿ ಎತ್ತರದ ಆ ದೇಹ ಸಿಸಿಟಿವಿಯ ಆಳಿಗೆ ಸರಿಯಾಗಿ ಹೊಂದುತ್ತದೆ. ಅವರು ಪೋರ್ಟ್‌ಗೆ ಮೋಡಿಯನ್ನೂ ಕೊಡಲಿಲ್ಲ, ಭಯಂಕರ ನೋಟವನ್ನೂ ಕೊಡಲಿಲ್ಲ. ಸಪ್ಪೆ ಮನುಷ್ಯ, ಸಪ್ಪೆ ಮಾತು. ಅವನ ಬಾಲ್ಯ, ಅವನ ಮನಸ್ಸಿನ ಒಳಗು, ಅಂಥ ಯಾವ ವಿವರಣೆಗೂ ಸಮಯ ವ್ಯಯಿಸಿಲ್ಲ. ಮೂರು ಗಂಟೆಯ ಬಹುಪಾಲು ಹೋಗುವುದು ಫೋನ್ ಕರೆಗಳಲ್ಲಿ. ಆಂಟನಿಯ ತಾಯಿ ಸಾರಾ ಸ್ಯಾಕ್ (ಶೆರಿಡನ್ ಸ್ಮಿತ್) ಹಲ್‌ನಿಂದ ಮತ್ತೆ ಮತ್ತೆ ಕರೆ ಮಾಡುತ್ತಾರೆ. ಆ ಗಿರಾಕಿಯ ಹೆಸರು ಕೊಟ್ಟಿದ್ದೇವಲ್ಲ, ಲ್ಯಾಪ್‌ಟಾಪ್ ಏನಾಯಿತು ಎಂದು ಕೇಳುತ್ತಾರೆ. ಕೊನೆಯ ಭಾಗದಲ್ಲಿ ಜೇಮಿ ವಿನ್‌ಸ್ಟನ್ ಮತ್ತು ಸ್ಟೆಫನಿ ಹಯಮ್ ನಟಿಸಿದ ಟೇಲರ್ ಸಹೋದರಿಯರು ತನಿಖೆಯ ಕೆಲಸವನ್ನೇ ಕೈಗೆತ್ತಿಕೊಳ್ಳುತ್ತಾರೆ.

ಈ ಆಯ್ಕೆಯಿಂದ ಸಿಕ್ಕ ಲಾಭ ದೊಡ್ಡದು. ಪೊಲೀಸ್ ಪೂರ್ವಗ್ರಹವನ್ನು ತೆರೆಯ ಮೇಲೆ ತರುವ ಸುಲಭದ ದಾರಿ ಎಂದರೆ ಬೈಗುಳ ಬೈಯುವ ಒಬ್ಬ ಕೆಟ್ಟ ಅಧಿಕಾರಿ. ಹಾಗೆ ಮಾಡಿದ್ದರೆ ನೋಡುಗರು ಅವನೊಬ್ಬನನ್ನು ದ್ವೇಷಿಸಿ ಮಲಗಲು ಹೋಗಬಹುದಿತ್ತು. ಇಲ್ಲಿನ ಅಧಿಕಾರಿಗಳು ಸಭ್ಯರು, ಸಹಾನುಭೂತಿಯಿಂದಲೇ ಮಾತಾಡುತ್ತಾರೆ, ಆಮೇಲೆ ವಾಪಸ್ ಕರೆ ಮಾಡುವುದಿಲ್ಲ. ‘ಗೇ ಹುಡುಗರು, ಡ್ರಗ್ಸ್, ತಾವೇ ಮಾಡಿಕೊಂಡದ್ದು’ ಎಂಬ ಕಥೆ ಅವರ ತಲೆಯಲ್ಲಿ ಮೊದಲೇ ಸಿದ್ಧವಾಗಿದೆ. ಬೆಡ್‌ಶೀಟನ್ನು ಲ್ಯಾಬಿಗೆ ಕಳಿಸಬೇಕೇ ಎಂಬ ಪ್ರಶ್ನೆ ಏಳುವುದು ಆ ಕಥೆಯ ಬಗ್ಗೆ ಅನುಮಾನ ಬಂದರೆ ಮಾತ್ರ. ಬ್ರಿಟಿಷ್ ಪತ್ತೇದಾರರಿಗೆ ತರಬೇತಿಯಲ್ಲಿ ಕಲಿಸುವ ಸೂತ್ರವೊಂದಿದೆ: ಏನನ್ನೂ ಊಹಿಸಬೇಡ, ಯಾರನ್ನೂ ನಂಬಬೇಡ, ಎಲ್ಲವನ್ನೂ ಪ್ರಶ್ನಿಸು. ಬಾರ್ಕಿಂಗ್‌ನಲ್ಲಿ ಊಹಿಸಿದರು, ಕೊಲೆಗಾರನ ಚೀಟಿಯನ್ನು ನಂಬಿದರು, ಪ್ರಶ್ನೆ ಕೇಳಿದ್ದು ಸತ್ತವರ ಅಮ್ಮ, ಅಕ್ಕಂದಿರು.

ಕೊರತೆಯೂ ಇದೆ. ಎಲ್ಲವನ್ನೂ ಕುಟುಂಬದ ಕಣ್ಣಿನಿಂದ ನೋಡುವ ಕಾರಣ ಠಾಣೆಯ ಒಳಗಿನ ಸರಪಳಿ ತೆಳ್ಳಗಾಗಿದೆ. ಕೊಲೆ ತಂಡಕ್ಕೂ ಸ್ಥಳೀಯ ಠಾಣೆಗೂ ನಡುವೆ ಹೊಣೆ ಹೇಗೆ ಜಾರಿತು ಎಂಬುದು ಈ ಪ್ರಕರಣದ ತಿರುಳು. ಅದಕ್ಕೇ ಒಂದು ಗಂಟೆ ಕೊಡಬಹುದಿತ್ತು. ಪೋರ್ಟ್ ಕೈಯಿಂದ ಬದುಕುಳಿದವರಿಗೂ ಇಲ್ಲಿ ಜಾಗ ಕಡಿಮೆ. ಅವರಲ್ಲಿ ಹೆಚ್ಚಿನವರು ಪೊಲೀಸರ ಬಳಿ ಹೋಗಿರಲೇ ಇಲ್ಲ ಎಂಬುದರ ಕಾರಣ ಹುಡುಕಿದರೆ ಕಥೆ ಮತ್ತೆ ಅದೇ ಠಾಣೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಜ್ಯೂರಿ ಹೇಳಲಾಗದ ಪದ

ಬಾರ್ಕಿಂಗ್ ಟೌನ್ ಹಾಲ್‌ನಲ್ಲಿ ನಡೆದ 2021ರ ಇನ್‌ಕ್ವೆಸ್ಟ್‌ಗೆ ಕರೋನರ್ ಆಗಿದ್ದವರು ಸಾರಾ ಮನ್ರೊ. ಅಧಿಕಾರಿಗಳು ಕೆಲಸದ ಹೊರೆ, ಸಿಬ್ಬಂದಿ ಕೊರತೆ ಎಂದರು, ಪೂರ್ವಗ್ರಹವನ್ನು ಅಲ್ಲಗಳೆದರು. ಹೊರೆ ಇದ್ದದ್ದನ್ನು ಜ್ಯೂರಿ ಒಪ್ಪಿಕೊಂಡಿತು. ಆದರೆ ಮೂಲಭೂತ ಲೋಪಗಳಾಗಿವೆ, ಅವು ಗೇಬ್ರಿಯಲ್, ಡೇನಿಯಲ್, ಜಾಕ್ ಮೂವರ ಸಾವಿಗೆ ಬಹುಶಃ ಕಾರಣವಾಗಿವೆ ಎಂದಿತು. ಪೂರ್ವಗ್ರಹದ ಪಾತ್ರವಿತ್ತೇ ಎಂಬುದನ್ನು ತೀರ್ಮಾನದಲ್ಲಿ ಸೇರಿಸಲು ಮಾತ್ರ ಕಾನೂನಿನ ಕಾರಣ ನೀಡಿ ಅವಕಾಶ ಕೊಡಲಿಲ್ಲ. ಕುಟುಂಬಗಳ ಅಸಮಾಧಾನ ಇದೇ ಆಗಿತ್ತು: ಸತ್ತವರು ನಾಲ್ವರು ಯುವತಿಯರಾಗಿದ್ದರೆ ಹೀಗೇ ಬಿಡುತ್ತಿದ್ದಿರಾ?

ಉದ್ದೇಶ ಸಾಬೀತು ಮಾಡುವುದು ಕಷ್ಟ, ನಿಜ. ಅಧಿಕಾರಿಯ ಮನಸ್ಸಿನೊಳಗೆ ಇಣುಕಲು ಸಾಧನವಿಲ್ಲ. ಆದರೆ ಇಲ್ಲಿನ ಲೋಪಗಳೆಲ್ಲ ಒಂದೇ ದಿಕ್ಕಿಗೆ ವಾಲಿವೆ. ಬರೀ ಸೋಮಾರಿತನವಾಗಿದ್ದರೆ ತಪ್ಪುಗಳು ಚೆಲ್ಲಾಪಿಲ್ಲಿಯಾಗಿ, ಕೆಲವು ಸತ್ತವರಿಗೆ ಅನುಕೂಲವಾಗಿಯೂ ಇರುತ್ತಿದ್ದವು. ನಾಲ್ಕು ಬಾರಿಯೂ ಸತ್ತವನೇ ತನ್ನ ಸಾವಿಗೆ ಹೊಣೆ ಎಂಬ ಕಡೆಗೇ ಬೀಳಬೇಕಾದರೆ ಅದಕ್ಕೊಂದು ಇಳಿಜಾರು ಇರಲೇಬೇಕು. ಆ ಇಳಿಜಾರಿನ ಹೆಸರನ್ನು ಕೊನೆಗೆ ಹೇಳಿದ್ದು ಬೇರೊಂದು ವರದಿ. 2023ರ ಮಾರ್ಚ್‌ನಲ್ಲಿ, ಲಂಡನ್ ಪೊಲೀಸರ ನಡವಳಿಕೆಯನ್ನು ಪರಿಶೀಲಿಸಿದ ಲೂಯಿಸ್ ಕೇಸಿ ತಮ್ಮ ಪರಾಮರ್ಶೆಯಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಸಾಂಸ್ಥಿಕವಾಗಿ ಜನಾಂಗದ್ವೇಷಿ, ಸ್ತ್ರೀದ್ವೇಷಿ, ಸಲಿಂಗಿದ್ವೇಷಿ ಎಂದು ನೇರವಾಗಿ ಬರೆದರು. ಮರುತಿಂಗಳು ಪೊಲೀಸ್ ತಪಾಸಣಾ ಸಂಸ್ಥೆ ಪೋರ್ಟ್ ಪ್ರಕರಣದ ಪಾಠಗಳನ್ನು ಎಷ್ಟು ಕಲಿತಿದ್ದಾರೆ ಎಂದು ನೋಡಿ ಐದು ಕೊರತೆ ಪಟ್ಟಿ ಮಾಡಿತು: ತರಬೇತಿ, ಮೇಲ್ವಿಚಾರಣೆ, ದಾಖಲೆ ಬರೆಯುವಿಕೆ, ಗೊಂದಲದ ನಿಯಮಗಳು, ಅಪರಾಧ ಮಾಹಿತಿಯ ವಿಶ್ಲೇಷಣೆ. ಒಂಬತ್ತು ವರ್ಷದ ನಂತರವೂ!

ಅಧಿಕಾರಿಗಳ ಗತಿ? ಸ್ವತಂತ್ರ ಪೊಲೀಸ್ ದೂರು ಸಂಸ್ಥೆ 17 ಮಂದಿಯನ್ನು ವಿಚಾರಿಸಿತು. ಒಂಬತ್ತು ಮಂದಿಯ ಕೆಲಸ ಮಟ್ಟಕ್ಕಿಂತ ಕೆಳಗಿತ್ತು ಎಂದಿತು, ಯಾರೂ ಶಿಸ್ತು ವಿಚಾರಣೆ ಎದುರಿಸಲಿಲ್ಲ, ಕೆಲವರಿಗೆ ಬಡ್ತಿಯೂ ಸಿಕ್ಕಿತು. ಇನ್‌ಕ್ವೆಸ್ಟ್‌ನಲ್ಲಿ ಹೊಸ ಮಾಹಿತಿ ಬಂದ ಮೇಲೆ, 2022ರ ಜೂನ್‌ನಲ್ಲಿ, ಆ ಸಂಸ್ಥೆ ತನಿಖೆಯನ್ನು ಮತ್ತೆ ತೆರೆಯಿತು.

ಇಲ್ಲಿನ ಓದುಗರಿಗೆ ಕೆಲವು ವಿವರ

ಕರ್ನಾಟಕದಲ್ಲಿ ಇಂಥ ಸಾವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 194ನೇ ಕಲಂ (ಹಳೆಯ ಸಿಆರ್‌ಪಿಸಿ 174) ಅಡಿ ಯುಡಿಆರ್ ಆಗಿ ದಾಖಲಾಗುತ್ತದೆ. ವಿಸೆರಾ (ಒಳ ಅಂಗಾಂಗಗಳ) ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋಗುತ್ತದೆ. ಜಿಎಚ್‌ಬಿ ಮಾಮೂಲಿ ಡ್ರಗ್ ತಪಾಸಣೆಯಲ್ಲಿ ಸಿಗುವ ವಸ್ತುವಲ್ಲ, ಅದಕ್ಕೆಂದೇ ಪರೀಕ್ಷೆ ಮಾಡಬೇಕು. ಹಾಗಾಗಿ ಅನುಮಾನವಿದ್ದರೆ ಮನೆಯವರು ಅದರ ಹೆಸರು ಬರೆದು ತನಿಖಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುವುದು ಲೇಸು. ಸಿಸಿಟಿವಿ ದೃಶ್ಯಗಳು ಬಹಳ ಕಡೆ ಕೆಲವೇ ವಾರದಲ್ಲಿ ತಾವಾಗಿ ಅಳಿಯುತ್ತವೆ, ಕಾಪಿಡುವಂತೆ ಮೊದಲ ದಿನವೇ ಕೇಳಬೇಕು. ಠಾಣೆ ಎಫ್‌ಐಆರ್ ದಾಖಲಿಸದಿದ್ದರೆ ಎಸ್‌ಪಿಗೆ ದೂರು, ಅಲ್ಲಿಯೂ ಆಗದಿದ್ದರೆ ಬಿಎನ್‌ಎಸ್‌ಎಸ್ 175(3)ರ ಅಡಿ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ.

ಬದುಕುಳಿದವರ ದಾರಿ ಇನ್ನೂ ಕಡಿದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮನ್ನು ಒಪ್ಪಿತ ಸಂಬಂಧಗಳ ಮಟ್ಟಿಗೆ ರದ್ದು ಮಾಡಿದಾಗ, ಒಪ್ಪಿಗೆಯಿಲ್ಲದ ಕೃತ್ಯಕ್ಕೆ ಅದು ಉಳಿದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ, ಅತ್ಯಾಚಾರದ ವ್ಯಾಖ್ಯೆ ಸಂತ್ರಸ್ತ ಮಹಿಳೆಯಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಪೋರ್ಟ್ ಕೈಗೆ ಸಿಕ್ಕು ಬದುಕುಳಿದವರಂಥ ವಯಸ್ಕ ಗಂಡಸು ಇಂದು ಬೆಂಗಳೂರಿನ ಠಾಣೆಗೆ ಹೋದರೆ, ಗಾಯ, ಅಕ್ರಮ ಬಂಧನ, ಅಮಲು ವಸ್ತು ಕುಡಿಸಿದ್ದು ಎಂಬಂಥ ಕಲಮುಗಳಡಿ ದೂರು ಬರೆಸಬೇಕು. ನಡೆದ ಕೃತ್ಯಕ್ಕೇ ಹೊಂದುವ ಕಲಂ ಠಾಣಾಧಿಕಾರಿಯ ಮೇಜಿನ ಮೇಲಿನ ಪುಸ್ತಕದಲ್ಲಿ ಸಿಗುವುದಿಲ್ಲ.